ಮಡಿಲಿಗೆ ಬಂದ ಸೌತೆಕಾಯಿ

ಹಬ್ಬದ ದಿನ ಮನೆಯಲ್ಲಿ ಎರಡೂವರೆ ವರ್ಷದ ಮಗುವಿದ್ದರೆ ದೇವರನ್ನು ಕೂಡ ಕೈಗೆಟುಕದ ಎತ್ತರದಲ್ಲಿ ಇಡಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮೂರ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿದೆ. ಅಲ್ಲಿ ಮಗ್ಗಿ ಕಲಿಸಿದರು, ನಕ್ಷೆಯಲ್ಲಿ ಕೊಡಗಿನ ಹೊಳೆಗಳನ್ನು ತೋರಿಸಿದರು, ಮಕ್ಕಳ ವಿಷಯ ಮಾತ್ರ ಏನೂ ಹೇಳಲಿಲ್ಲ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ ಎಂಬುದು, ಮೊಮ್ಮಕ್ಕಳೇ, ನಿಮಗೆ ಗೊತ್ತೇ ಇದೆ. ನೀವು ಕತೆ ಹೇಳು ಎಂದು ಸುತ್ತ ಕೂತರೂ ನಾನು ಹಾಲು ಉಕ್ಕುತ್ತದೆ ಎಂದು ಒಳಗೆ ಹೋಗಿಬಿಡುತ್ತೇನೆ. ಒಲೆಯ ಮೇಲೆ ಹಾಲು ಇರುವುದೇ ಇಲ್ಲ. ಆದ್ದರಿಂದ ಇದನ್ನು ಬರೆದೇ ಇಡುತ್ತೇನೆ. ಕಾಗುಣಿತ ತಪ್ಪಿದ್ದರೆ ನಗಬೇಡಿ.

ನಿಮ್ಮ ಅಪ್ಪ ಈಗ ಸುಂಟಿಕೊಪ್ಪದ ಕಡೆ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಪಿಕ್ಕಿಂಗಿನ ದಿನಗಳಲ್ಲಿ ಅವನ ಮೀಸೆ ದೂರದಲ್ಲಿ ಕಂಡರೆ ಸಾಕು, ಆಳುಗಳ ಹರಟೆ ನಿಲ್ಲುತ್ತದಂತೆ. ಮೀಸೆ ಇಲ್ಲದ ಕಾಲದಲ್ಲಿ ಅವನಿಗೆ ಇದ್ದದ್ದು ಒಂದೇ ಹುಚ್ಚು, ಮಗು ಮಲಗಿಸುವುದು. ನೆರೆಮನೆಯ ಬಾಣಂತಿಯ ಕೂಸನ್ನು ತೊಟ್ಟಿಲಲ್ಲಿ ನೋಡಿ ಬಂದಂದಿನಿಂದ ಕೈಗೆ ಸಿಕ್ಕಿದ್ದೆಲ್ಲ ಅವನಿಗೆ ಪಾಪುವೇ. ತೆಂಗಿನಕಾಯಿ ಪಾಪು, ಚೊಂಬು ಪಾಪು. ಒನಕೆಯನ್ನು ಎತ್ತಲಾರದೆ ಅದರ ಪಕ್ಕದಲ್ಲಿ ತಾನೇ ಮಲಗಿ ತಟ್ಟುತ್ತಿದ್ದ. ಎತ್ತಲಾಗುವುದನ್ನೆಲ್ಲ ತಂದು ತನ್ನ ಅಜ್ಜಿಯ, ಅಂದರೆ ನನ್ನ ಅತ್ತೆಯ, ಮಡಿಲಿಗೆ ಹಾಕುತ್ತಿದ್ದ. ಅಜ್ಜಿ ತೊಡೆ ಅಲುಗಿಸಿ ಜೋ ಅನ್ನಬೇಕು. ನನ್ನ ಅತ್ತೆ ಅಕ್ಕಿಯ ಕಲ್ಲು ಆರಿಸುತ್ತಲೇ ಒಂದು ಸೌಟನ್ನು ಮಲಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತುಲಾ ಸಂಕ್ರಮಣಕ್ಕೆ ನಮ್ಮಲ್ಲಿ ಬೆಳಗ್ಗೆ ಕಣಿ ಇಡುವುದು ನಿಮಗೆ ಹೊಸದಲ್ಲ. ದೊಡ್ಡದೊಂದು ಸೌತೆಕಾಯಿಗೆ ಕೆಂಪು ರೇಷ್ಮೆ ಉಡಿಸಿ, ಕರಿಮಣಿ ಹಾಕಿ, ಹರಿವಾಣದ ಅಕ್ಕಿಯ ಮೇಲೆ ಕೂರಿಸಿದರೆ ಅದೇ ಕಾವೇರಮ್ಮ. ಮನೆಯ ಮುತ್ತೈದೆ ಮೊದಲು ಅಕ್ಕಿ ಹಾಕಿ ಅಡ್ಡಬೀಳಬೇಕು, ಆಮೇಲೆ ಉಳಿದವರು, ಅದಾದ ಮೇಲೆ ದೋಸೆ, ಕುಂಬಳಕಾಯಿ ಪಲ್ಯ. ಮೊದಲ ಅಕ್ಕಿ ಬಿತ್ತೆಂದರೆ ಎಲ್ಲರ ನಮಸ್ಕಾರ ಮುಗಿಯುವವರೆಗೆ ಕಣಿಯನ್ನು ಅಲುಗಿಸುವಂತಿಲ್ಲ. ನಮ್ಮ ಮನೆಯಲ್ಲಿ ಮೂವತ್ತು ವರ್ಷ ಆ ಸೌತೆಕಾಯಿಗೆ ಸೀರೆ ಉಡಿಸಿದವರು ಅತ್ತೆ. ಮಾವ ತೀರಿಹೋಗಿ ವರ್ಷ ತುಂಬಿದ ಮೇಲೆ ಬಂದ ಮೊದಲ ಸಂಕ್ರಮಣ ಅದು. ನೀವು ಕಣಿಯ ಹತ್ತಿರ ಬರಬೇಡಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಯಾರೂ ಹೇಳದೆಯೇ ಅವರು ಹಿಂದಿನ ಜಗಲಿಯಲ್ಲಿ ಕುಂಬಳಕಾಯಿ ಹೆಚ್ಚುತ್ತ ಕೂತರು. ‘ಒಳಗೆ ಬನ್ನಿ ಅತ್ತೆ’ ಎಂಬ ಮೂರು ಮಾತು ನನಗೆ ಹಿಂದಿನ ದಿನದಿಂದಲೇ ನಾಲಗೆಯ ತುದಿಗೆ ಬಂದಿತ್ತು. ಅಲ್ಲಿಗೆ ಬಂದು ಅಲ್ಲೇ ನಿಂತಿತ್ತು.

ಹೀಗೆ ಆ ವರ್ಷ ಕಣಿ ಉಡಿಸುವ ಕೆಲಸ ನನ್ನ ಪಾಲಿಗೆ ಬಂತು. ಸೌತೆಕಾಯಿಗೆ ಸೊಂಟ ಇಲ್ಲ ಎಂಬುದು ಅವತ್ತಿನವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಎಲ್ಲಿ ಸುತ್ತಿದರೂ ರೇಷ್ಮೆ ಜಾರುತ್ತದೆ. ಎಡಕ್ಕೆ ಒತ್ತು ಕೊಟ್ಟರೆ ದೇವಿ ಬಲಕ್ಕೆ ಉರುಳುತ್ತಾಳೆ. ಹಬ್ಬಕ್ಕೆಂದು ಗಾಳಿಬೀಡಿನಿಂದ ಬಂದಿದ್ದ ದೊಡ್ಡತ್ತೆ, ನನ್ನ ಮಾವನ ಅಕ್ಕ, ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

“ಇದೆಂತ ಕೂಸೇ? ಕಾವೇರಮ್ಮಂಗೆ ಸೀರೆ ಉಡ್ಸಿದ್ದೋ, ಹೊರೆ ಕಟ್ಟಿದ್ದೋ?”

ನಾನು ಬಿಚ್ಚಿ ಮತ್ತೆ ಸುತ್ತತೊಡಗಿದೆ. ಆಗ ಹಿಂದಿನ ಜಗಲಿಯಿಂದ ಅತ್ತೆ, ಕುಂಬಳಕಾಯಿಗೇ ಹೇಳುವವರ ಹಾಗೆ ಹೇಳಿದರು. “ತೊಟ್ಟಿನ ಬುಡಲಿ ಒಂದು ಗಂಟು ಹಾಕಿರೆ ನಿಂತದೆ.”

ಹಾಕಿದೆ. ನಿಂತಿತು. ಮೂವತ್ತು ವರ್ಷದ ವಿದ್ಯೆ ಗೋಡೆಯ ಆಚೆಯಿಂದ ಬಂದು ನನ್ನ ಕೈ ಸೇರಿತ್ತು. ನನಗೆ ಸಂತೋಷವಾಗಬೇಕಿತ್ತು, ಆದದ್ದು ನಾಚಿಕೆ.

ದೊಡ್ಡತ್ತೆ ಪಟ್ಟೆಸೀರೆ ಉಡಲು ಹೋದರು. ನಿಮ್ಮ ಅಜ್ಜ, ನಮ್ಮ ಯಜಮಾನರು, ಸ್ನಾನಕ್ಕೆ ಹೋಗಿದ್ದರು. ನಾನು ದೀಪದ ಬತ್ತಿ ತರಲು ಅಡಿಗೆಮನೆಗೆ ಹೋಗಿ ಬಂದೆ. ಅಷ್ಟೇ ಹೊತ್ತು. ಬಂದು ನೋಡಿದರೆ ಹರಿವಾಣದಲ್ಲಿ ಬರೀ ಅಕ್ಕಿ, ನಡುವೆ ಒಂದು ಗುಳಿ.

“ಅಯ್ಯೋ ನನ್ನಪ್ಪಾ, ದೇವಿ ಇಲ್ಲೆ!” ಎಂದು ಬೆನ್ನ ಹಿಂದೆ ದೊಡ್ಡತ್ತೆ ಕೂಗಿದರು.

ಕಾಣೆಯಾದ ದೇವಿ ಹೋದ ದಾರಿಯೇನೋ ಗುಟ್ಟಾಗಿರಲಿಲ್ಲ. ಹೊಸ್ತಿಲ ಬಳಿ ಒಂದು ಹಿಡಿ ಅಕ್ಕಿ, ಅಲ್ಲಿಂದ ಮುಂದೆ ವೀಳ್ಯದೆಲೆ, ಅದರಾಚೆ ಸೇವಂತಿಗೆ, ಮತ್ತೆ ಅಕ್ಕಿ. ನಾನು ಬಗ್ಗಿ ಬಗ್ಗಿ ಅಕ್ಕಿಯನ್ನು ಮುಷ್ಟಿಗೆ ಆರಿಸಿಕೊಳ್ಳುತ್ತ ಹಿಂದಿನ ಜಗಲಿಗೆ ಹೋದೆ.

ಅಲ್ಲಿ ಕಂಡದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದಾರೆ. ಬಿಳಿ ಸೀರೆಯ ಮಡಿಲಲ್ಲಿ ಕೆಂಪು ರೇಷ್ಮೆಯ ಕಾವೇರಮ್ಮ ಮಲಗಿದ್ದಾಳೆ, ಕರಿಮಣಿ ಒಂದು ಕಡೆ ಜಾರಿದೆ. ಅತ್ತೆ ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದಾರೆ. ಮುಟ್ಟುವಂತಿಲ್ಲ, ಕೆಳಗೆ ಬೀಳಲು ಬಿಡುವಂತೆಯೂ ಇಲ್ಲ. ನಿಮ್ಮ ಅಪ್ಪ ಅವರ ಮೊಣಕಾಲು ಹಿಡಿದು ಅಲುಗಿಸುತ್ತಿದ್ದ. “ಅಜ್ಜಿ, ಪಾಪು ಒರಗ್ಸು. ಜೋ ಅನ್ನ್.”

“ತೆಕ್ಕೋ ಕೂಸೇ, ಬೇಗ ತೆಕ್ಕೋ,” ಎಂದು ಅತ್ತೆ ನನಗೆ ಹೇಳಿದರು. “ನಾನ್ ಮುಟ್ಟಿತ್ಲೆ. ಕೈ ನೋಡ್, ಮೇಲೆ ಉಟ್ಟು.”

ಮುಟ್ಟಿಲ್ಲ, ಕೈ ಮೇಲೇ ಇದೆ ಎಂದು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಅವರು ಕೈ ತೋರಿಸಿದ್ದು ನನ್ನ ಎದೆಗೆ ಬಡಿಯಿತು. ನಾನು ಕೈ ಚಾಚಿದೆ. ನಿಮ್ಮ ಅಪ್ಪ ಮನೆ ಹಾರಿಹೋಗುವ ಹಾಗೆ ಕಿರುಚಿದ. ಅಷ್ಟರಲ್ಲಿ ದೊಡ್ಡತ್ತೆ ಬಂದರು.

“ಈ ಕಣಿ ಇನ್ನ್ ಬೇಡ. ಅಟ್ಟಲಿ ಇನ್ನೊಂದು ಸೌತೆಕಾಯಿ ಉಟ್ಟು. ಬೇಗ ಉಡ್ಸು ಕೂಸೇ, ಬೆಳಕಾತ್.”

“ಅದೇ ಸರಿ,” ಎಂದರು ಅತ್ತೆ. “ಇದರ ಹೆಚ್ಚಿ ಹುಳಿಗೆ ಹಾಕಿರೆ ಆತ್.” ನಗುತ್ತಲೇ ಹೇಳಿದರು. ಆದರೆ ಹುಳಿ ಎನ್ನುವ ಹೊತ್ತಿಗೆ ಅವರ ದನಿ ಒಡೆಯಿತು.

ಈಗ ನಾನೊಂದು ಮಾತು ಆಡಬೇಕಿತ್ತು. ಬಾಯಿ ತೆರೆದೆ. ಏನೂ ಬರಲಿಲ್ಲ. ಮುಷ್ಟಿಯಲ್ಲಿ ಮಾತ್ರ ಅಕ್ಕಿ ಇತ್ತು. ಅದನ್ನು ಅತ್ತೆಯ ಮಡಿಲಿಗೆ ಹಾಕಿ, ನೆಲಕ್ಕೆ ಹಣೆ ಹಚ್ಚಿ ಅಡ್ಡಬಿದ್ದುಬಿಟ್ಟೆ. ಆ ಮನೆಯ ಮುತ್ತೈದೆ ನಾನೇ ತಾನೆ. ಮೊದಲ ಅಕ್ಕಿ ಬಿದ್ದಿತ್ತು.

ತಲೆ ಎತ್ತಲು ನನಗೆ ಧೈರ್ಯ ಇರಲಿಲ್ಲ. ಒದ್ದೆ ಕಾಲಿನ ಸಪ್ಪಳ ಕೇಳಿತು. ನಿಮ್ಮ ಅಜ್ಜ ಸ್ನಾನ ಮುಗಿಸಿ ಬಂದಿದ್ದರು. ಅವರು ದೊಡ್ಡತ್ತೆಗೆ ಹೇಳಿದರು. “ಅಕ್ಕಿ ಬಿತ್ತಲ್ಲ ಅತ್ತೆ. ಇನ್ನ್ ಅಲ್ಲಾಡ್ಸಿಕೆ ಇಲ್ಲೆ.” ಹೇಳಿ ನನ್ನ ಪಕ್ಕದಲ್ಲಿ ತಾವೂ ಅಡ್ಡಬಿದ್ದರು.

ಉಳಿದವರು ದೊಡ್ಡತ್ತೆ ಒಬ್ಬರೇ. ಅವರು ಸೀರೆಯ ನೆರಿಗೆ ಸರಿಮಾಡಿಕೊಂಡರು, ಕಣ್ಣೆತ್ತಿ ಮಾಡಿನ ಹೆಂಚು ನೋಡಿದರು, ಕೊನೆಗೆ ಗೋಡೆ ಹಿಡಿದು ಬಗ್ಗಿದರು. “ನಾನ್ ದೇವಿಗೆ ಬೀಳ್ದು. ತಮ್ಮನ ಹೆಂಡ್ತಿಗೆ ಅಲ್ಲ, ಗೊತ್ತುಟ್ಟಾ?”

“ಗೊತ್ತುಟ್ಟು ಅತ್ತಿಗೆ. ಮೆಲ್ಲ ಬೀಳಿ, ನಿಮ್ಗೆ ಮೊಣಕಾಲು ನೋವುಟ್ಟು.”

“ಶ್! ಪಾಪು!” ಎಂದು ನಿಮ್ಮ ಅಪ್ಪ ಇಬ್ಬರನ್ನೂ ಗದರಿಸಿದ. ಆಗ ಅತ್ತೆಯ ಕೈಗಳು ಮೆಲ್ಲನೆ ಕೆಳಗಿಳಿದವು. ಜಾರಿದ್ದ ಕರಿಮಣಿಯನ್ನು ನೇರ ಮಾಡಿ, ಸೌತೆಕಾಯಿಯನ್ನು ಎರಡು ಸಲ ತಟ್ಟಿದರು.

ಅಲ್ಲಿಂದ ಮುಂದೆ ಅತ್ತೆ ಇರುವವರೆಗೆ ನಮ್ಮ ಮನೆಯ ಕಣಿ ಅವರ ಮಡಿಲಲ್ಲೇ ಕೂತಿತು. ದೊಡ್ಡತ್ತೆ ಪ್ರತಿ ವರ್ಷ ಬಂದು ಗೊಣಗಿ ಅಡ್ಡಬಿದ್ದು ದೋಸೆ ತಿಂದು ಹೋದರು. ಅತ್ತೆ ಹೋದ ಮೇಲೆ ಹರಿವಾಣ ಒಳಗಿನ ಕೋಣೆಗೆ ಮರಳಿತು. ನಿಮ್ಮ ಅವ್ವ ಶಿರಂಗಾಲದ ಕಡೆಯಿಂದ ಬಂದವಳು, ಅವಳಿಗೆ ಇದೆಲ್ಲ ಗೊತ್ತಿಲ್ಲ. ಅಂದವಾಗಿ ಕಣಿ ಉಡಿಸುತ್ತಾಳೆ, ನನ್ನ ಹಾಗೆ ಉರುಳಿಸುವುದಿಲ್ಲ. ನಿಮ್ಮ ಅಪ್ಪನಿಗೆ ಆಗ ಎರಡೂವರೆ ವರ್ಷ, ಅವನಿಗೂ ನೆನಪಿಲ್ಲ. ನೆನಪಿದ್ದ ನಿಮ್ಮ ಅಜ್ಜ ಈಗ ಇಲ್ಲ. ಅವರು ಹೋದ ಮೇಲೆ ಎರಡು ಸಂಕ್ರಮಣ ಕಳೆದವು. ಎರಡು ಸಲವೂ ಕುಂಬಳಕಾಯಿ ಹೆಚ್ಚಿದವಳು ನಾನು.

ನಿಮ್ಮನ್ನು ನಾವು ತುಂಬ ಚೆನ್ನಾಗಿ ಬೆಳೆಸಿದ್ದೇವೆ. ದೇವರ ಸಾಮಾನು ಮುಟ್ಟಬಾರದು ಎಂದರೆ ನೀವು ಮುಟ್ಟುವುದಿಲ್ಲ. ಚಿಕ್ಕದು ಕೂಡ ಕೈ ಕಟ್ಟಿಕೊಂಡು ನಿಲ್ಲುತ್ತದೆ. ಹಾಗೆ ನಿಲ್ಲಲು ಅದಕ್ಕೆ ಕಲಿಸಿದವಳು ನಾನೇ. ಈಗ ಯಾರನ್ನು ದೂರಲಿ? ನನಗೇನೂ ಬೇಡ. ಹಿಂದಿನ ಜಗಲಿಯ ಬಾಗಿಲಿಗೆ ಅಗುಳಿ ಹಾಕುವುದನ್ನು ನಾನು ಬಿಟ್ಟಿದ್ದೇನೆ, ಸಂಕ್ರಮಣದ ಬೆಳಗ್ಗೆ ಅಲ್ಲೇ ಕೂತಿರುತ್ತೇನೆ ಎಂಬುದೊಂದು ನಿಮಗೆ ತಿಳಿದಿರಲಿ. ನಿಮ್ಮ ಅವ್ವನಿಗೆ ನಾನೇ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಬೇಕೆಂದು ನಿನ್ನೆ ಅಡಿಗೆಮನೆಗೂ ಹೋದೆ. “ಎಂತ ಬೇಕು ಅತ್ತೆ?” ಎಂದು ಅವಳು ಕೇಳಿದಳು. ಉಪ್ಪಿನ ಡಬ್ಬ ತೆಗೆದುಕೊಂಡು ಬಂದೆ.