ಮೇಷ್ಟ್ರ ಮಗ ಕಾಣೆಯಾದದ್ದು

ಎಂಬತ್ತನಾಲ್ಕನೇ ಇಸವಿಯಲ್ಲಿ ನನ್ನ ಹೆಂಡತಿ ರಾಮಾಂಜಿನಮ್ಮನಿಗೆ ಅಂಗನವಾಡಿ ಕೆಲಸ ಸಿಕ್ಕಿತು. ಮಕ್ಕಳನ್ನು ನೋಡಿಕೊಳ್ಳುವುದು ಹೇಗೆಂದು ಮೂರು ತಿಂಗಳು ತುಮಕೂರಿನಲ್ಲಿದ್ದು ಕಲಿತು ಬರಬೇಕೆಂದು ಆದೇಶ ಬಂತು. ಅಷ್ಟು ದಿನ ನಮ್ಮ ಎರಡೂವರೆ ವರ್ಷದ ಓಬಳೇಶನನ್ನು ಯಾರು ನೋಡಿಕೊಳ್ಳಬೇಕೆಂದು ಅದರಲ್ಲಿ ಒಂದಕ್ಷರವೂ ಇರಲಿಲ್ಲ. (ಹಿಂದೆ ಮುಂದೆ ತಿರುಗಿಸಿ ನೋಡಿದೆ.)

ನಾನು ಕೊಳಾಲದ ಹತ್ತಿರದ ಹಳ್ಳಿಯೊಂದರಲ್ಲಿ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು. ನಲವತ್ತು ಮಕ್ಕಳನ್ನು ಆಳುವ ಚಕ್ರವರ್ತಿಗೆ ಒಂದು ಮಗು ಯಾವ ಮಹಾ ಎಂದುಬಿಟ್ಟೆ. ಅವಳು ಅನುಮಾನದಿಂದಲೇ ಬಸ್ಸು ಹತ್ತಿದಳು.

ಮೂರನೆಯ ದಿನ ಓಬಳೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಜರಿ ಪುಸ್ತಕ ತುಂಬುತ್ತಿದ್ದೆ. ತಲೆಯೆತ್ತಿದರೆ ಅವನಿಲ್ಲ.

ಶಾಲೆಯ ಹಿಂದೆಯೇ ಕಟ್ಟೆಯಿಲ್ಲದ ಬಾವಿ. ಬಗ್ಗಿ ನೋಡಿದೆ. ನೀರಿನಲ್ಲಿ ನನ್ನ ಮುಖವೊಂದೇ ನಡುಗುತ್ತಿತ್ತು. ಕೆರೆ ಏರಿ, ಕಣ, ಬಣವೆ ಎಲ್ಲಾ ಸುತ್ತಿದೆ. ಹುಡುಕಲು ಅಟ್ಟಿದ ನಲವತ್ತು ಮಕ್ಕಳಲ್ಲಿ ಹನ್ನೊಂದು ಜನ ನೆಟ್ಟಗೆ ಮನೆಗೆ ಹೋದರು.

ಕೊನೆಗೆ ದಾಸಣ್ಣನ ಕಡಲೆಕಾಯಿ ಹೊಲದ ಹತ್ತಿರ ಬಂದೆ. ಹೊಂಗೆ ಮರದ ತುಂಬ ಸೀರೆಯ ತೊಟ್ಟಿಲು. ಕೂಲಿ ಹೆಂಗಸರ ಕೂಸುಗಳನ್ನು ಕಾಯುವ ಮುದುಕಿ ಈರಕ್ಕ ಓಬಳೇಶನಿಗೆ ಮುದ್ದೆ ಮಿದಿದು ತಿನ್ನಿಸುತ್ತಿದ್ದಳು. ಇವನು ಇಲ್ಲಿಗೆ ಹೇಗೆ ಬಂದ ಎಂದು ಅವಳನ್ನು ಕೇಳಿದೆ.

"ಹಸ್ಕಂಡು ಅಳ್ತಿತ್ತಂತೆ ಸೋಮಿ. ಕಳೆ ಕೀಳಾಕೆ ಬರ್ತಿದ್ದ ಕರಿಯಕ್ಕ, ಎತ್ಕಂಡೋಗ್ಲಾ ಅಂತ ನಿಮ್ಮನ್ನೇ ಕೇಳುದ್ಲಂತೆ. ನೀವು ಪುಸ್ತಕದಾಗೇ ಮೊಕ ಇಟ್ಕಂಡು ಹೂಂ ಅಂದ್ರಂತೆ."

ಮರುದಿನದಿಂದ ಮಗನನ್ನು ಈರಕ್ಕನ ಬಳಿಯೇ ಬಿಟ್ಟೆ. ಆದರೂ ಆ ಬಾವಿ ಕಣ್ಣ ಮುಂದಿನಿಂದ ಹೋಗಲೇ ಇಲ್ಲ. ಪಾಠದ ಮಧ್ಯೆ ಎದ್ದೆದ್ದು ಮರದತ್ತ ಓಡುತ್ತಿದ್ದೆ.

ಭಾನುವಾರ ಬಂದ ರಾಮಾಂಜಿನಮ್ಮನಿಗೆ ಬಸ್ಸಿನಲ್ಲೇ ಸುದ್ದಿ ಮುಟ್ಟಿತ್ತು. ಚೀಲವನ್ನು ನನ್ನ ಕೈಗೆ ತುರುಕಿ ಸೀದಾ ಹೊಲಕ್ಕೆ ನಡೆದಳು. ಸಮರ್ಥನೆಗಳನ್ನು ಉರುಹೊಡೆಯುತ್ತಾ ನಾನು ಹಿಂದೆ. ಮುಚ್ಚಿಟ್ಟ ನೀರಿನ ಗಡಿಗೆಯನ್ನೂ ಸಾಲಾಗಿ ನಿದ್ರಿಸುತ್ತಿದ್ದ ಕೂಸುಗಳನ್ನೂ ನೋಡಿ ಅವಳ ಮುಖ ಸಡಿಲವಾಯಿತು. ತರಬೇತಿ ಮುಗಿಯುವವರೆಗೂ ಮಗ ಇಲ್ಲೇ ಇರಬಹುದೇ ಎಂದು ಕೇಳಿದಳು.

"ಮಗೀಂದ ಏನೂ ತೊಂದ್ರೆ ಇಲ್ಲ ಕಣವ್ವ," ಎಂದಳು ಈರಕ್ಕ. "ಮೇಷ್ಟ್ರದೇ ಕಾಟ. ದಿನಕ್ಕೆ ನಾಕು ಸತಿ ಬಂದು, ಉಸ್ರು ಐತಾ ಅಂತ ಮೂಗಿನತ್ರ ಬೆರ್ಳಿಟ್ಟು ನೋಡ್ತಾರೆ. ಮಲಗಿರೋ ಮಕ್ಳೆಲ್ಲಾ ಎದ್ಬುಡ್ತವೆ. ಮಗ ಇಲ್ಲೇ ಇರ್ಲಿ. ಇವರನ್ನ ನೀನು ಕರ್ಕಂಡೋಗು."

ರಾಮಾಂಜಿನಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆರು ವರ್ಷ ದಾಟಿದೋರನ್ನ ನಮ್ಮ ಅಂಗನವಾಡೀಗೆ ತಗಳಲ್ಲ ಕಣಕ್ಕ," ಎಂದಳು.