ಅಕ್ಕನ ಮಗಳಿಗೊಂದು ಬರೆಯೋ ಆಪ್

ಓದು ಬಿಟ್ಟು ಊರೂರು ತಿರುಗುವವನ ಕೊರಳಿಗೇ ಓದುವ ಮಕ್ಕಳ ಕೆಲಸ ಬಂದು ಗಂಟುಬೀಳುತ್ತದೆ, ನನ್ನ ಹಣೆಬರಹವೇ ಹಂಗೆ.

ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು ನಾನು. ಶೃಂಗೇರಿಯಲ್ಲಿ ನಾಲ್ಕು ದಿನ ಪಂಪ್ ರಿಪೇರಿ, ಎನ್.ಆರ್. ಪುರದಲ್ಲಿ ನಾಲ್ಕು ದಿನ ಶಾಮಿಯಾನ ಕಟ್ಟುವುದು, ಬೇಜಾರಾದರೆ ಕೊಪ್ಪದ ಬಸ್ಸು. ಹಿಂಗೇ ಒಂದು ಸಲ ಹಿರೇಕೊಡಿಗೆಯ ಅಕ್ಕನ ಮನೆಗೆ ಹೋದಾಗ ಅವಳ ಮಗಳ ಕೈಗೆ ಸಿಕ್ಕಿಬಿದ್ದೆ. ಅವಳು ಕೊಪ್ಪದಲ್ಲಿ ಬಿ.ಎಸ್ಸಿ. ಓದುತ್ತಾಳೆ. ಟ್ಯಾಬಿನ ಮೇಲೆ ಪೆನ್ನಿನಲ್ಲಿ ನೋಟ್ಸ್ ಬರೆಯುತ್ತಾಳೆ. ಟ್ಯಾಬ್ ಒಂದು ಕಂಪನಿದು, ಫೋನ್ ಇನ್ನೊಂದರದು, ಲ್ಯಾಪ್‌ಟಾಪ್ ಮತ್ತೊಂದರದು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯುವುದಿಲ್ಲ. ಹೋದ ಟೆಸ್ಟಿನ ದಿನ ಟ್ಯಾಬ್ ಮನೆಯಲ್ಲಿ, ಅವಳು ಕಾಲೇಜಲ್ಲಿ, ಕೆಮಿಸ್ಟ್ರಿ ಡುಮ್ಕಿ.

"ದಸರಾ ರಜೆ ಮುಗಿದ ಮಾರನೇ ದಿನವೇ ಮತ್ತೆ ಟೆಸ್ಟು ಮಾವ. ಈ ಸಲ ಹೋದ್ರೆ ಅಪ್ಪ ಟ್ಯಾಬೇ ಕಿತ್ಕೊಳ್ತಾರೆ. ಮೂರರಲ್ಲೂ ತೆರೆಯೋ ಆಪ್ ಯಾವುದು ಅಂತ ವಿಚಾರಿಸ್ಕೊಂಡು ಬಾ. ನೀನು ಹೆಂಗೂ ತಿರುಗ್ತಾನೇ ಇರ್ತೀಯಲ್ಲ."

ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಹೊರಟೆ.

ನೇರ ಮಾಡುವ ಆಪ್

ಕೊಪ್ಪದ ಮೊಬೈಲ್ ಅಂಗಡಿಯವನು ಒಂದು ಆಪ್ ತೆರೆದು ಪೆನ್ನು ಕೊಟ್ಟ. "ಬರೀರಿ ಅಣ್ಣ, ನಿಮ್ಮದೇ ಹೆಸರು ಬರೀರಿ."

ನಾಲಿಗೆ ಹೊರಗೆ ಹಾಕಿಕೊಂಡು ಬರೆದೆ. ಪೆನ್ನು ಎತ್ತುವುದೇ ತಡ, ನನ್ನ ಹೆಸರು ಮಾಯ! ಅಲ್ಲಿ ಎರಡು ಚಂದದ ವೃತ್ತ, ಒಂದು ತ್ರಿಕೋನ, ಪಕ್ಕಕ್ಕೊಂದು ಗೆರೆ.

"ಇದೆಂತ ಮಾರಾಯ?"

"ವಕ್ರ ಬರೆದ್ರೆ ತಾನೇ ನೇರ ಮಾಡುತ್ತೆ, ಅದೇ ಇದರ ಸ್ಪೆಷಲ್ಲು. ಎಂತ ಚಿತ್ರ ಬರೆದ್ರಿ?"

"ಚಿತ್ರ ಅಲ್ಲ, ಹೆಸರೇ ಬರೆದಿದ್ದು."

ಅವನು ಪರದೆ ನೋಡಿದ, ನನ್ನ ಮುಖ ನೋಡಿದ. "ಪಾಪ, ಅದಾದರೂ ಎಷ್ಟು ಅಂತ ಸುಧಾರಿಸುತ್ತೆ ಅಣ್ಣ?"

ಕೊತ್ತಂಬರಿ ಸೊಪ್ಪು

ಎರಡನೆಯ ಆಪನ್ನು ಎನ್.ಆರ್. ಪುರದಲ್ಲಿ ಜತೆಗೆ ಶಾಮಿಯಾನ ಕಟ್ಟುವವನೊಬ್ಬ ಹೇಳಿದ. ಹುಡುಗಿಯ ಟ್ಯಾಬಿಗೂ ನನ್ನ ಫೋನಿಗೂ ಹಾಕಿ ಪರೀಕ್ಷೆ ಮಾಡಿದೆವು. ನಾನು ಶೃಂಗೇರಿಗೆ ಹೋಗಬೇಕು, ಅವಳು ಮನೆಯಲ್ಲಿ ಬರೆದದ್ದು ಅಲ್ಲಿ ನನ್ನ ಫೋನಿನಲ್ಲಿ ಕಾಣಬೇಕು. ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಫೋನ್ ಹಿಡಿದುಕೊಂಡು ಕೂತೆ. ಟೀ ಕುಡಿದೆ. ಇನ್ನೊಂದು ಟೀ ಕುಡಿದೆ. ಎಂತದೂ ಬರಲಿಲ್ಲ. ವಾಪಸ್ ಬಂದೆ.

ಅಕ್ಕನ ಮನೆಯಲ್ಲಿ ಊಟಕ್ಕೆ ಕೂತು ಸಾರು ಕಲಸುವಾಗ ಫೋನ್ ಟಿಣ್ ಅಂತು. ಅವಳ ಮುದ್ದಾದ ಅಕ್ಷರ: "ಮಾವ, ಬರ್ತಾ ಕೊತ್ತಂಬರಿ ಸೊಪ್ಪು ತಗೊಂಡು ಬಾ, ಅಮ್ಮ ಹೇಳಿದ್ಲು."

"ಬಂತು, ಬಂತು!" ಅಂತ ಖುಷಿಯಲ್ಲಿ ಅಕ್ಕನಿಗೆ ತೋರಿಸಿದೆ.

ಅಕ್ಕ ನನ್ನ ಬಟ್ಟಲಿನ ಸಾರು ತೋರಿಸಿದಳು. "ಸೊಪ್ಪಿಲ್ಲದ ಈ ಸಾರಿಗೆ ಕಾರಣ ನಿನ್ನ ಆಪ್. ಸುಮ್ಮನೆ ಉಣ್ಣು."

ಅಟ್ಟದ ಮೇಲೆ ಶಾರದೆ

ಮೂರನೆಯ ಆಪನ್ನು ಹುಡುಗಿಯೇ ಹುಡುಕಿ ಮೂರಕ್ಕೂ ಹಾಕಿಕೊಂಡಳು. ಪರೀಕ್ಷೆ ಮಾಡುವಷ್ಟರಲ್ಲಿ ಶಾರದಾ ಪೂಜೆ ಬಂತು. ಅಕ್ಕನ ಅತ್ತೆ ಇದ್ದಾರಲ್ಲ, ನಮಗೆಲ್ಲ ಅಜ್ಜಿ, ಅವರ ಮನೆ ಕಾನೂನು ಬಿಗಿ: ಓದುವ ಪುಸ್ತಕವೆಲ್ಲ ಪೂಜೆಗೆ ಇಡಬೇಕು, ವಿಜಯದಶಮಿಗೆ ತೆಗೆಯುವ ತನಕ ಯಾರೂ ಒಂದಕ್ಷರ ಓದುವ ಹಾಗಿಲ್ಲ.

"ನಿನ್ನ ಪುಸ್ತಕ ಎಲ್ಲಿ?" ಅಜ್ಜಿ ಕೇಳಿದರು.

"ನಂದು ಇದೇ ಅಜ್ಜಿ," ಅಂತ ಟ್ಯಾಬ್ ಕೊಟ್ಟಳು.

"ಕಪ್ಪಗಿದ್ದರೆ ಎಂತದಕ್ಕೆ ಪೂಜೆ ಮಾಡೋದು? ಅಕ್ಷರ ಕಾಣಬೇಕು."

ಹುಡುಗಿ ಕೆಮಿಸ್ಟ್ರಿ ಪುಟ ತೆರೆದು, ಪರದೆ ಆರದ ಹಾಗೆ ಮಾಡಿ ದೇವರ ಮುಂದೆ ಇಟ್ಟಳು. ಆಮೇಲೆ ಮೆಲ್ಲಗೆ ಫೋನ್ ಸೊಂಟಕ್ಕೆ ಸಿಕ್ಕಿಸಿಕೊಂಡು ಅಟ್ಟ ಹತ್ತಿದಳು. ಅದೇ ಪುಟ ಫೋನಿನಲ್ಲೂ ತೆರೆಯಿತು. ಪುಸ್ತಕ ಪೂಜೆಯಲ್ಲಿ, ಓದು ಅಟ್ಟದಲ್ಲಿ!

ಕೆಳಗೆ ಅಜ್ಜಿ ಒಂದೊಂದೇ ಪುಸ್ತಕಕ್ಕೆ ಅರಿಶಿನದ ಬೆರಳಲ್ಲಿ ಶ್ರೀ ಬರೆಯುತ್ತಾ ಬಂದರು. ಟ್ಯಾಬಿನ ಸರದಿ ಬಂತು. ಪರದೆ ತುಂಬ, ದೊಡ್ಡದಾಗಿ, ನಿಧಾನವಾಗಿ ಬರೆದರು.

ಅಟ್ಟದಿಂದ ಕಿಟಾರನೆ ಕಿರುಚಾಟ. ಹುಡುಗಿ ಏಣಿ ಇಳಿದಳೋ ಬಿದ್ದಳೋ, ಬಂದವಳೇ ಅಜ್ಜಿಯ ಕಾಲು ಹಿಡಿದಳು. "ತಪ್ಪಾಯ್ತಜ್ಜೀ! ಕದ್ದು ಓದ್ತಿದ್ದೆ! ಓದ್ತಾ ಇರುವಾಗಲೇ ಪುಟದ ಮೇಲೆ ತಾನಾಗೇ ಶ್ರೀ ಮೂಡ್ತು! ಶಾರದೆ ನೋಡಿಬಿಟ್ಲು!"

ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. "ಮತ್ತೆ? ಸುಮ್ಮನೆ ಪೂಜೆ ಮಾಡ್ತೀನಾ ನಾನು?"

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಾ ಅಜ್ಜಿಯ ಅರಿಶಿನದ ಬೆರಳು ತೋರಿಸಿದೆ. ಹುಡುಗಿ ಬೆರಳು ನೋಡಿದಳು, ಟ್ಯಾಬ್ ನೋಡಿದಳು, ಫೋನ್ ನೋಡಿದಳು. ಓಡಿಹೋಗಿ ಲ್ಯಾಪ್‌ಟಾಪ್ ತೆರೆದಳು. ಅಲ್ಲೂ ಶ್ರೀ.

"ಮಾವ, ಮೂರರಲ್ಲೂ ಬಂತು! ಇದೇ ಆಪ್!"

ಅಜ್ಜಿ ಫೋನು, ಲ್ಯಾಪ್‌ಟಾಪು ಎರಡನ್ನೂ ಪೂಜೆಗೆ ಇಟ್ಟರು. ವಿಜಯದಶಮಿಗೆ ವಾಪಸ್ ಕೊಡುವಾಗ ಒಂದೇ ಷರತ್ತು: "ನಾ ಬರೆದಿದ್ದು ಅಳಿಸಕೂಡದು."

ಟೆಸ್ಟಿನ ದಿನ ಟ್ಯಾಬ್ ಮತ್ತೆ ಮನೆಯಲ್ಲೇ ಉಳಿಯಿತು. ಆದರೆ ಈ ಸಲ ಬಸ್ಸಿನಲ್ಲಿ ಫೋನ್ ನೋಡಿಕೊಂಡೇ ಓದಿದಳು, ಪಾಸೂ ಆದಳು. ನೋಟ್ಸ್ ಚೆನ್ನಾಗಿದೆ ಅಂತ ಕ್ಲಾಸಿಗೆ ಕ್ಲಾಸೇ ಅದನ್ನು ಫೋನಿಗೆ ಇಳಿಸಿಕೊಂಡಿತು. ಆಮೇಲೊಂದು ದಿನ ಮೇಷ್ಟ್ರು ಎಲ್ಲರ ನೋಟ್ಸ್ ನೋಡುತ್ತಾ ಬಂದರೆ, ಒಬ್ಬೊಬ್ಬರ ಫೋನಿನಲ್ಲೂ ಆಮ್ಲ, ಪ್ರತ್ಯಾಮ್ಲಗಳ ಮೇಲೆ ಅಡ್ಡಲಾಗಿ ಅದೇ ದಪ್ಪ ಶ್ರೀ.

"ಎಲ್ಲ ಒಂದೇ ಕೈಬರಹ! ಯಾರದ್ರೀ ಇದು?" ಅಂತ ಗದರಿದರಂತೆ.

ಇಡೀ ಕ್ಲಾಸು ಎದ್ದು ನಿಂತು, "ಅಜ್ಜಿದು ಸಾರ್!" ಅಂದಿತಂತೆ.