ಟೈಲರಣ್ಣ ಊರು ಬಿಟ್ಟ ದಿನ

ಡ್ರಿಲ್ ಮೇಷ್ಟರ ಅಂಗಿಯ ಜೇಬನ್ನು ಟೈಲರಣ್ಣ ಬೆನ್ನಿನ ಮೇಲೆ ಹೊಲಿದುಬಿಟ್ಟಿದ್ದ. ಹೊಲಿಯುವಾಗ ಕೈಯೇನೋ ಮಿಷನ್ನಿನ ಮೇಲೆಯೇ ಇತ್ತು, ಬಾಯಿ ಮಾತ್ರ ಬೀದಿದೀಪದ ಸಮಸ್ಯೆಯಲ್ಲಿತ್ತು. ಹೊಸ ಅಂಗಿ ತೊಟ್ಟ ಮೇಷ್ಟರು ಪೆನ್ನು ಇಡಲು ಜೇಬು ಹುಡುಕುತ್ತ, ಬೆನ್ನು ಕೆರೆದುಕೊಳ್ಳುವ ಕರಡಿಯಂತೆ ಅಂಗಡಿ ಮುಂದೆ ಗಿರ್ರನೆ ತಿರುಗಿದರು. ಬೀದಿಗೆ ಬೀದಿಯೇ ನಕ್ಕಿತು. ಟೈಲರಣ್ಣನ ಹೆಂಡತಿ ನಗಲಿಲ್ಲ.

"ರೀ, ಊರಿನ ಚರಂಡಿ, ಊರಿನ ನಲ್ಲಿ, ಊರಿನ ದೀಪ ಎಲ್ಲಾ ನಿಮ್ಮ ತಲೆ ಮೇಲೆ. ನಿದ್ದೇಲೂ 'ಮಾನ್ಯ ಅಧ್ಯಕ್ಷರೇ' ಅಂತ ಎದ್ದು ಕೂರ್ತೀರಿ. ನನ್ನ ಜೊತೆ ನೆಮ್ಮದಿಯಾಗಿ ಒಂದು ಮಾತಾಡಿ ಎಷ್ಟು ಕಾಲ ಆಯ್ತು ಹೇಳಿ?"

ಅವಳು ರೇಗಿದ್ದರೆ ಅವನು ವಾದಿಸುತ್ತಿದ್ದ; ಸಭೆಗಳಲ್ಲಿ ಅದೇ ಅಭ್ಯಾಸ. ಆದರೆ ಅವಳ ಕಣ್ಣಂಚು ಒದ್ದೆಯಾಗಿತ್ತು. ಟೈಲರಣ್ಣ ಕರಗಿಹೋದ.

"ಇವತ್ತಿಂದ ಊರ ಉಸಾಬರಿ ಬಿಟ್ಟೆ ಕಣೆ. ಇನ್ನು ನೀನಾಯ್ತು, ನಾನಾಯ್ತು, ಈ ಮಿಷನ್ ಆಯ್ತು."

ಮಾತು ಕೊಡಲು ಅವನು ಆರಿಸಿಕೊಂಡ ದಿನ ಮಾತ್ರ ಸರಿಯಿರಲಿಲ್ಲ. ಪುರಸಭೆಯ ನೀರಿನ ಸಮಿತಿಯಲ್ಲಿ ಅವರ ಬೀದಿಯ ಮೆಂಬರಾಗಿದ್ದ ಮುದುಕರು ವಯಸ್ಸಾಯಿತೆಂದು ಕುರ್ಚಿ ಬಿಟ್ಟಿದ್ದರು. ಹೊಸಬರನ್ನು ಆರಿಸಲು ಅಂದೇ ಸಂಜೆ ಪುರಭವನದಲ್ಲಿ ಸಭೆ. ಬೀದಿಯಿಂದ ಯಾರೂ ನಿಲ್ಲದಿದ್ದರೆ ಕುರ್ಚಿ ಪಕ್ಕದ ಬೀದಿಗೆ ಹೋಗುತ್ತಿತ್ತು. ಕುರ್ಚಿಯ ಹಿಂದೆಯೇ ಬರಬೇಕಾದ ನೀರಿನ ಪೈಪೂ ಹೋಗುತ್ತಿತ್ತು.

ಮಧ್ಯಾಹ್ನ ಕಟಿಂಗ್ ಶಾಪಿನವನು ಬಂದ. ಅವನ ಹಿಂದೆ, ಖಾಲಿ ಕೊಡ ಹಿಡಿದ ಮೂಲೆಮನೆ ಅಜ್ಜಿ.

"ಟೈಲರಣ್ಣ, ಎದ್ದೇಳು. ಸಭೆಗೆ ಹೊರಡು. ನೀನೇ ನಮ್ಮ ಮೆಂಬರು."

"ಇಲ್ಲಪ್ಪ. ನಾನು ಬಿಟ್ಟೆ."

"ಏನ್ ಬಿಟ್ಟೆ?"

"ಊರನ್ನ."

ಅಜ್ಜಿಯ ಕೈಯಿಂದ ಕೊಡ ಜಾರಿ ಠಣ್ಣೆಂದಿತು. "ಅಯ್ಯೋ ನನ್ನಪ್ಪಾ, ಊರು ಬಿಡೋವಂಥದ್ದು ಏನಾಯ್ತೋ?"

"ಹಂಗಲ್ಲ ಅಜ್ಜಿ, ಊರ ಕೆಲಸ..." ಎನ್ನುವಷ್ಟರಲ್ಲಿ ಇಬ್ಬರೂ ಬೀದಿಯಲ್ಲಿದ್ದರು. ಕಟಿಂಗ್ ಶಾಪಿನವನ ಕಿವಿಗೆ ಬಿದ್ದ ಸುದ್ದಿ ಎಲ್ಲಿ ನಿಂತೀತು? ಟೈಲರಣ್ಣ ಊರು ಬಿಡುತ್ತಾನಂತೆ ಎಂಬ ಮಾತು, ಬಾಯಿ ಬಿಚ್ಚಿದ ಮೂಟೆಯ ಕಡಲೆಯಂತೆ ಎಲ್ಲ ಕಡೆ ಉರುಳಿತು. ಕೊಂಚ ಹೊತ್ತಿಗೆಲ್ಲ ಹೊಲಿಯಲು ಬಟ್ಟೆ ಕೊಟ್ಟವರು ಅಂಗಡಿಗೆ ನುಗ್ಗಿದರು.

"ನನ್ನ ಪ್ಯಾಂಟು ಕೊಟ್ಟು ಹೋಗಪ್ಪ!"

"ಇನ್ನೂ ಒಂದೇ ಕಾಲು ಆಗಿರೋದು."

"ಆ ಒಂದನ್ನೇ ಕೊಡು!"

ತೋಳಿಲ್ಲದ ಅಂಗಿ, ಕಾಲರಿಲ್ಲದ ಕೋಟು ಕೈಯಿಂದ ಕೈಗೆ ಹಾರಿದವು. ಒಬ್ಬರು ಬಟ್ಟೆ ಕೇಳಿದರೆ ಇನ್ನೊಬ್ಬರು ಅವನನ್ನು ತಬ್ಬಿ ಅಳುತ್ತಿದ್ದರು. ಕೆಲವರು ಎರಡನ್ನೂ ಒಟ್ಟಿಗೆ ಮಾಡಿದರು. ಅಷ್ಟರಲ್ಲಿ "ಎತ್ಕೊಂಡಾದ್ರೂ ಸಭೆಗೆ ಕರ್ಕೊಂಡ್ ಹೋಗೋಣ!" ಎಂದು ಯಾರೋ ಕೂಗಿದರು. ಪುರಭವನಕ್ಕೆ ಹೋಗಿ ಎರಡು ಮಾತಾಡಿ ಪೈಪು ಉಳಿಸಲು ಟೈಲರಣ್ಣನ ನಾಲಿಗೆಯೇನೋ ತುರಿಸುತ್ತಿತ್ತು. ಆದರೆ ಆ ಒದ್ದೆ ಕಣ್ಣು ನೆನಪಾಯಿತು. ಪರದೆಯ ಹಿಂದೆ ಸರಿದು, ಹಿತ್ತಿಲ ಕಿಟಕಿಯಿಂದ ಧುಮುಕಿಬಿಟ್ಟ. ಮೊಳೆಯೊಂದು ಅವನ ಪ್ಯಾಂಟನ್ನು ಹಿಂಬದಿಯಲ್ಲಿ ಹಿಡಿದುಕೊಂಡಿತು. ಪರ್ರೆಂದು ಹರಿದ ಮೇಲೆಯೇ ಬಿಟ್ಟಿತು.

ಎರಡೂ ಕೈ ಹಿಂದೆ ಕಟ್ಟಿಕೊಂಡು, ಗಹನವಾದ ಯೋಚನೆಯಲ್ಲಿರುವ ಪಂಡಿತನ ಹಾಗೆ, ಸಂದಿಗೊಂದಿಗಳಲ್ಲಿ ನುಸುಳಿ ಮನೆ ಸೇರಿದ. ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಕೂತ. ಆ ಪ್ಯಾಂಟಿನಲ್ಲಿ ಕೂರುವುದೊಂದೇ ಮರ್ಯಾದಸ್ಥರು ಮಾಡಬಹುದಾದ ಕೆಲಸವಾಗಿತ್ತು. ಪೈಪು ಹೋಯಿತಲ್ಲ ಎಂದು ಹೊಟ್ಟೆ ಉರಿದರೂ, ಮಾತು ಉಳಿಸಿಕೊಂಡೆನಲ್ಲ ಎಂದು ಎದೆ ತಣ್ಣಗಿತ್ತು.

ಹೊತ್ತು ಇಳಿಯುವಾಗ ಗುಂಪೊಂದು ಜೈಕಾರ ಹಾಕುತ್ತ ಬಂತು. ಮುಂದೆ ಕಟಿಂಗ್ ಶಾಪಿನವನು, ಪಕ್ಕದಲ್ಲಿ ಅಜ್ಜಿ. ನಡುವೆ, ನಾಚಿಕೆಯಿಂದ ಕೆಂಪಾದ ಅವನ ಹೆಂಡತಿ!

"ಬೈಬೇಡಿ ರೀ," ಎಂದು ಅವಳು ಅವನ ಪಕ್ಕ ಬಂದು ಮೆಲ್ಲಗೆ ಹೇಳಿದಳು. "ನೀವು ಅಂಗಡೀಲಿ ಸಿಗಲಿಲ್ಲ ಅಂತ ಇವರೆಲ್ಲ ಮನೆಗೆ ಬಂದು ಗೋಳಾಡಿದ್ರು. ನೀವು ಸಭೆಗೆ ಹೋದ್ರೆ ಮಾತು ಮುರಿದೆ ಅಂತ ಕೊರಗ್ತೀರಿ. ಹೋಗದಿದ್ರೆ ಪೈಪು ಹೋಯ್ತು ಅಂತ ಕೊರಗ್ತೀರಿ. ನಿಮ್ಮ ಸಂಕಟ ನಂಗೆ ಗೊತ್ತಿಲ್ವಾ? ಅದಕ್ಕೇ... ನಾನೇ ನಿಂತ್ಕೊಂಡ್ಬಿಟ್ಟೆ. ಎಲ್ಲಾ ಕೈ ಎತ್ತಿದ್ರು."

ಟೈಲರಣ್ಣ ಬೆರಗಾಗಿ, "ಭಾಷಣ ಮಾಡಿದ್ಯಾ?" ಎಂದ.

"ನಿದ್ದೇಲಿ ನೀವು ಹೇಳ್ತಿದ್ದದ್ದೇ ಹೇಳಿದೆ."

ಅವನಿಗೆ ನಗು ಬಂತು. ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಳ್ಳಬೇಕು ಎನ್ನುವಷ್ಟರಲ್ಲಿ ಅಜ್ಜಿ ಅಡ್ಡ ಬಂದಳು. "ಮೆಂಬರಮ್ಮ, ಪೈಪು ನನ್ನ ಮನೆ ಮುಂದೆ ಎಲ್ಲಿ ಬರುತ್ತೆ, ತೋರಿಸು ಬಾರೇ."

"ಈಗ ಬಂದೆ ರೀ," ಎಂದು ಹೆಂಡತಿ ಗುಂಪಿನ ಜೊತೆ ಹೊರಟೇಬಿಟ್ಟಳು.

ಟೈಲರಣ್ಣ ಬೀಗದ ಕೈ ಕೇಳಲು ಅರ್ಧ ಎದ್ದು, ಪ್ಯಾಂಟು ನೆನಪಾಗಿ ಮತ್ತೆ ಕೂತ. ಬೀದಿಯ ತಿರುವಿನಲ್ಲಿ ಅವಳು ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು. ಎಲ್ಲರೂ ಕಿವಿಗೊಟ್ಟು ಕೇಳುತ್ತಿದ್ದರು. ನಡುವೆ ಕೂಗಿ ಕರೆಯಲು ಅವನಿಗೆ ಮನಸ್ಸು ಬರಲಿಲ್ಲ.